ರೋಜಾ ಬಿಡುವ ಹೊತ್ತು

ಕೋಟೆ ಬಾಜು, ಬೆಳಗಾವಿ
೧೨ ಸೆಪ್ಟೆಂಬರ್ ೧೯೮೨, ರವಿವಾರ

ಲಂಡನ್ನಿನಲ್ಲಿರುವ ನನ್ನ ಮನೆಯವರಿಗೆ ಮುನವ್ವರಾಳ ಸಲಾಮು.

ನಾವು ಕ್ಷೇಮ. ಅತ್ತೆಯವರ ಮೊಣಕಾಲು ನೋವು ಮಳೆ ಕಡಿಮೆಯಾದಂತೆ ತಾನೂ ಕಡಿಮೆಯಾಗಿದೆ. ನಿಮ್ಮ ಸೈಕಲ್ಲಿಗೆ ತುಕ್ಕು ಹತ್ತದಿರಲಿ ಎಂದು ಅವರು ಈಗಲೂ ಎಣ್ಣೆ ಬಿಡುತ್ತಾರೆ. ನಿಮ್ಮ ಕಡೆ ಥಂಡಿ ಶುರುವಾಗಿರಬೇಕು. ಹೋದ ವರ್ಷ ನಾನು ಹೆಣೆದು ಕಳಿಸಿದ ಸ್ವೆಟರ್ ಈ ವರ್ಷಕ್ಕೂ ಆಗುತ್ತದೆಯೇ, ಹೊಸದು ಬೇಕೇ? ಸುಮ್ಮನೆ ಕೇಳುತ್ತಿಲ್ಲ. ಈ ಪತ್ರವನ್ನು ಕೊನೆಯತನಕ ಓದಿ, ನಡುವೆ ಮಡಿಚಿ ಇಡಬೇಡಿ.

ಮೊದಲು ಖಾನಾಪುರದ ಸುದ್ದಿ. ನನ್ನ ತಮ್ಮ ಮಜೀದ ಹಂಚಿನ ಭಟ್ಟಿಯ ಕೆಲಸ ಬಿಟ್ಟು ಕೂತಿದ್ದಾನೆ. ನಿಮ್ಮನ್ನು ಕಳಿಸಿದ ಮುಂಬಯಿಯ ಏಜೆಂಟನೇ ಅವನನ್ನೂ ಲಂಡನ್ನಿಗೆ ಕಳಿಸುತ್ತಾನಂತೆ. ಬಕ್ರೀದ್ ಮುಗಿದ ಕೂಡಲೇ ಹೊರಡಬೇಕು. ನೀವು ಕಳಿಸಿದ ಕೋಟು ಹಾಕಿದ ಫೋಟೋ ಅವನ ಜೇಬಿನಲ್ಲೇ ಇರುತ್ತದೆ. ಯಾರು ಏನು ಹೇಳಿದರೂ, "ಭಾವ ಹೋಗ್ಯಾನ, ನಾ ಯಾಕ ಹೋಗಬಾರದು?" ಎನ್ನುತ್ತಾನೆ. ಆದರೆ ಒಂದು ತೊಂದರೆಯಾಗಿದೆ. ಅವನ ಪಾಸ್‌ಪೋರ್ಟು ಕಾಣೆಯಾಗಿದೆ. ನಮ್ಮಲ್ಲಿ ಎರಡು ದಿನ ಇದ್ದು ಊರಿಗೆ ಹೋಗಿ ನೋಡಿದರೆ ಚೀಲದಲ್ಲಿ ಇಲ್ಲ. ರೈಲಿನಲ್ಲಿ ಬಿದ್ದಿರಬೇಕು ಎಂದು ನನ್ನ ಅಮ್ಮ ಅಳುತ್ತಿದ್ದಾಳೆ. ಮನೆಯೆಲ್ಲ ಹುಡುಕಿದೆ ಎಂದು ನಾನೂ ಹೇಳಿ ಕಳಿಸಿದ್ದೇನೆ.

ನನ್ನ ಜೊತೆ ಸಾಲಿ ಕಲಿತ ಗೌರವ್ವ ನಿಮಗೆ ನೆನಪಿರಬೇಕು, ಶಿವಬಸವ ನಗರದವಳು. ಗಂಡ ಡಾಕ್ಟರು, ಆರು ವರ್ಷದಿಂದ ಇಂಗ್ಲೆಂಡಿನಲ್ಲಿದ್ದಾರೆ. ಆಗಸ್ಟಿನಲ್ಲಿ ತವರಿಗೆ ಬಂದಿದ್ದಳು. ನೀವಿರುವ ಲಂಡನ್ನಿನ ಸುದ್ದಿಯಾದರೂ ಕೇಳೋಣ ಎಂದು, ನಿಮ್ಮ ಪತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಜಂಬ ಕೊಚ್ಚಿಕೊಳ್ಳುವ ಆಸೆಯೂ ಇತ್ತು ಅನ್ನಿ.

ಅವಳ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಇದೆ, ನೆಲ ಗುಡಿಸುವ ಯಂತ್ರ ಇದೆ. ಆಸ್ಪತ್ರೆಗೆ ಪುಕ್ಕಟೆ ಹೋಗಿ ಬರಬಹುದಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ಅವಳೇ ದನಿ ಇಳಿಸಿ ಹೇಳಿದಳು: "ಒಗದ ಅರಿವಿ ಒಣಗಾಕ ಎರಡ ದಿನ ಬೇಕವಾ. ಬ್ಯಾಸಗ್ಯಾಗೂ ಜಿಟಿಜಿಟಿ ಮಳಿ. ಬೀದ್ಯಾಗ ಮಾತಾಡೋರು ಇಲ್ಲ. ಅಡಗಿ ಮನ್ಯಾಗ ನಿಂತು ಒಬ್ಬಾಕಿನ ಕನ್ನಡ ಮಾತಾಡ್ಕೋತೀನಿ." ಅವಳ ಮೇಲೆ ಮರುಕ ಬಂತು. ಆದರೆ ನನ್ನ ಮನಸ್ಸು ಒಣಗದ ಆ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಅಂಗಿ ಒಗೆದು ಹರವಿದರೆ ಚಹಾ ಕುಡಿಯುವಷ್ಟರಲ್ಲಿ ಒಣಗಿರುತ್ತದೆ ಎಂದು ನೀವು ಬರೆದಿದ್ದಿರಿ.

ಅದೂ ಹೋಗಲಿ, ಅವಳದು ಒಂದು ಊರು, ನಿಮ್ಮದು ಒಂದು ಊರು ಎಂದುಕೊಂಡೆ. ನಿಮ್ಮ ರಮಜಾನಿನ ಪತ್ರ ತೆಗೆದು ಅವಳಿಗೆ ಓದಿ ತೋರಿಸಿದೆ. "ಇಲ್ಲಿ ಏಳರೊಳಗೇ ಬಾಂಗು ಆಗುತ್ತದೆ. ಖರ್ಜೂರ ಬಾಯಿಗೆ ಹಾಕುವಾಗ, ಈಗ ಮುನವ್ವರಾನೂ ರೋಜಾ ಬಿಡುತ್ತಿರಬೇಕು ಅನಿಸುತ್ತದೆ" ಎಂದು ಬರೆದಿದ್ದಿರಲ್ಲ, ಅದು. ನನಗೆ ಬಾಯಿಪಾಠವಾದ ಸಾಲು. ಗೌರವ್ವ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ರೋಜಾ ಬಿಡೂದು ಹೊತ್ತು ಮುಣಗಿದ ಮ್ಯಾಲ ಅಲ್ಲೇನ?" ಎಂದು ಕೇಳಿದಳು. ಹೌದು ಎಂದೆ. "ಅಲ್ಲೆ ಜೂನ್ ಜುಲೈದಾಗ ಹೊತ್ತು ಮುಣಗಾಕ ರಾತ್ರಿ ಒಂಬತ್ತು ದಾಟತೈತಿ. ನಮ್ಮ ಬಾಜು ಮನಿ ಹೈದರಾಬಾದದವರು ಪಾಪ, ಅಲ್ಲೀತನಕ ಒಂದ ಗುಟುಕು ನೀರ ಸುದ್ದಾ ಕುಡೀತಿದ್ದಿಲ್ಲ." ನಾನು ಪತ್ರವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ಅವಳು ನನ್ನ ಬಟ್ಟಲಿಗೆ ಮತ್ತೆ ಚಹಾ ಹಾಕಿದಳು. ಹಾಕುವುದಕ್ಕಿಂತ ಮುಂಚೆ ಬೇಕೇ ಎಂದು ಕೇಳಲಿಲ್ಲ.

ದಾರಿಯಲ್ಲಿ ನನಗೆ ಬಂದ ಮೊದಲ ಅನುಮಾನ ಹೊಲಸಾದದ್ದು, ಬಚ್ಚಿಡುವುದಿಲ್ಲ. ನೀವು ಇಲ್ಲೇ ಎಲ್ಲೋ ಮುಂಬಯಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದೀರಿ ಎಂದುಕೊಂಡೆ. ಬರುವ ಪತ್ರಗಳ ಮೇಲೆಲ್ಲ ಮುಂಬಯಿಯ ಮುದ್ರೆ. ನಾನು ಕಳಿಸುವುದೂ ಅಲ್ಲಿಯ ಏಜೆಂಟನ ವಿಳಾಸಕ್ಕೇ. ಊರಿಗೆ ಬರುವವರ ಕೈಯಲ್ಲಿ ಕೊಟ್ಟರೆ ಅವರು ಅಲ್ಲಿ ಟಪಾಲಿಗೆ ಹಾಕುತ್ತಾರೆ ಎಂದು ನೀವು ಹೇಳಿದ್ದನ್ನು ಎರಡು ವರ್ಷ ನಂಬಿದ್ದೆ. ಮನೆಗೆ ಬಂದು ಆ ಫೋಟೋ ಹರಿಯಬೇಕೆಂದರೆ ಅದು ಮಜೀದನ ಹತ್ತಿರ ಇತ್ತು. ಆ ರಾತ್ರಿ ನಾನು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಅತ್ತೆಯವರಿಗೆ ಸುಳ್ಳು ಹೇಳಿದೆ.

ಮುಂದಿನ ವಾರ ನಮ್ಮ ಓಣಿಯ ಇಮಾಮಹುಸೇನ ಭಾಯಿ ಕುವೈತಿನಿಂದ ರಜೆಗೆ ಬಂದರು, ಅದೇ ಆ ಲಾರಿ ಡ್ರೈವರು. ಅತ್ತೆಯವರನ್ನು ಮಾತಾಡಿಸಲು ಬಂದಾಗ ನಾನು ಬಾಗಿಲ ಮರೆಯಲ್ಲಿ ನಿಂತು ಆ ದೇಶ ಹೇಗೆ ಎಂದು ಕೇಳಿದೆ. ರಸ್ತೆ ಕನ್ನಡಿಯಂತೆ, ಕಾರುಗಳು ಹಡಗಿನಂತೆ, ರೊಕ್ಕಕ್ಕೆ ಬರವಿಲ್ಲ, ಆದರೆ ಅದೆಲ್ಲ ಅಲ್ಲಿಯವರಿಗೆ ಎಂದರು. "ನಮಗ ಒಂದ ಖೋಲಿದಾಗ ಎಂಟ ಮಂದಿ. ಹಾಸಿಗಿ ತೋಯಿಸ್ಕೊಂಡು ಮಾಳಗಿ ಮ್ಯಾಲ ಮಲಗತೀವ್ರಿ. ಜಳಕದ ನೀರು ನಸುಕಿನಾಗ ಹಿಡದ ಇಡಬೇಕು, ಮಧ್ಯಾಹ್ನ ನಳದಾಗ ಕುದಿಯೂ ನೀರ ಬರತಾವು."

ನೀವೂ ನಸುಕಿನಲ್ಲೇ ಬಕೆಟ್ ತುಂಬಿ ಆರಲು ಇಡುತ್ತೀರಿ. ಅದನ್ನು ಓದಿದಾಗ, ಲಂಡನ್ನಿನಲ್ಲಿ ಎಲ್ಲವೂ ಉಲ್ಟಾ ಇರಬೇಕು ಎಂದು ನಕ್ಕಿದ್ದೆ. ಸ್ವೆಟರ್ ಬಹಳ ಬೆಚ್ಚಗಿದೆ ಎಂದು ಬರೆದ ಪತ್ರದಲ್ಲೇ ಬೆವರುಸಾಲೆಗೆ ಪೌಡರ್ ಕಳಿಸಲು ಹೇಳಿದ್ದಿರಿ. ನಾನು ದಡ್ಡಿ, ಸ್ವೆಟರ್ ಬಿಗಿಯಾಯಿತೇನೋ ಎಂದು ಸಂಕಟಪಟ್ಟೆ. ಪ್ರತಿ ಪತ್ರದಲ್ಲೂ ಖಾನಾಪುರದಲ್ಲಿ ಮಳೆ ಬಂತೇ, ಹೇಗೆ ಬಂತು, ಸ್ವಲ್ಪ ವಿವರವಾಗಿ ಬರೆ ಎನ್ನುತ್ತೀರಿ. ಗೌರವ್ವನಿಗೆ ಮಳೆಯ ಸುದ್ದಿ ಹೇಳಹೋದರೆ ಕೈ ಮುಗಿಯುತ್ತಾಳೆ. ಮಳೆಯನ್ನು ಹಾಗೆ ಕೇಳುವವನು ಎಂಥ ನೆಲದ ಮೇಲೆ ನಿಂತಿರುತ್ತಾನೆ, ನೀವೇ ಹೇಳಿ.

ಕುವೈತಿನಲ್ಲಿ ಹೊತ್ತು ಮುಳುಗುವುದು ಎಷ್ಟಕ್ಕೆ ಎಂದು ಕೊನೆಗೆ ಕೇಳಿದೆ. "ರಮಜಾನದಾಗ ಏಳರ ಒಳಗ ಬಾಂಗ್ ಆಗತಿತ್ತು ಭಾಬಿ" ಎಂದರು. ನಮ್ಮವರನ್ನು ಅಲ್ಲಿ ಕಂಡಿದ್ದೀರಾ ಎಂದೆ. ಅವರು ಬಟ್ಟಲಿನೊಳಗೆ ನೋಡುತ್ತ, "ಚಹಾ ಛಲೋ ಆಗೇತ್ರಿ" ಎಂದರು. ಆವತ್ತು ನಾನು ಸಕ್ಕರೆ ಹಾಕುವುದನ್ನೇ ಮರೆತಿದ್ದೆ.

ಏಜೆಂಟ ನಿಮಗೆ ಮೋಸ ಮಾಡಿದನೋ, ನೀವೇ ಸೇರಿ ನಮಗೆ ಮಾಡಿದಿರೋ, ನನಗೆ ಗೊತ್ತಿಲ್ಲ. ಲಂಡನ್ನಿಗೆ ಹೊರಟಿದ್ದೇನೆ ಎಂದು ಉದ್ಯಮಬಾಗದ ಫೌಂಡ್ರಿಯಲ್ಲಿ ಎಲ್ಲರಿಗೂ ಪೇಡೆ ಹಂಚಿ ಹೋದವರು ನೀವು. ಆಮೇಲೆ ನಿಜ ಹೇಳುವುದು ನಾಚಿಕೆಯ ಮಾತು ಅನಿಸಿರಬಹುದು. ಆದರೆ ನನ್ನ ಹತ್ತಿರ ಎಂಥ ನಾಚಿಕೆ? ಬಿಸಿಲಿನಲ್ಲಿ ಬೇಯುವ ಮನುಷ್ಯನಿಗೆ ನಾನು ಎರಡು ವರ್ಷ ಥಂಡಿಯ ಔಷಧಿ ಹೇಳಿದೆ. ನೀವು ಓದಿ ಸುಮ್ಮನಿದ್ದಿರಿ. ನನಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ, ಈ ಸುಮ್ಮನಿದ್ದುದಕ್ಕೆ.

ನಾನು ಹೇಳಿದರೆ ಮಜೀದ ಹೊಟ್ಟೆಕಿಚ್ಚು ಎನ್ನುತ್ತಾನೆ. ಗೌರವ್ವ ಹೇಳಿದರೂ ನಗುತ್ತಾನೆ. ಅವನು ನಂಬುವುದು ನಿಮ್ಮ ಕೈಬರಹವನ್ನು ಮಾತ್ರ. ನೀವು ಎಲ್ಲಿದ್ದೀರಿ, ಹೇಗೆ ಮಲಗುತ್ತೀರಿ, ಏನು ಕೆಲಸ ಮಾಡುತ್ತೀರಿ ಎಂದು ನಾಲ್ಕು ಸಾಲು ಅವನಿಗೆ ಬರೆಯಿರಿ. ಬಕ್ರೀದಿನೊಳಗೆ ಬರಬೇಕು. ಗೊತ್ತಿದ್ದು ಆ ಕೆಲಸಕ್ಕೇ ಹೋಗುವುದಾದರೆ ನಾನೇ ರೈಲು ಹತ್ತಿಸಿ ಬರುತ್ತೇನೆ. ಸ್ವೆಟರ್ ತುಂಬಿಕೊಂಡು ಮರಳುಗಾಡಿಗೆ ಹೋಗುವ ಹುಡುಗನನ್ನು ಮಾತ್ರ ನಾನು ಕಳಿಸಲಾರೆ.

ಹೊಸ ಸ್ವೆಟರ್ ಅರ್ಧ ಆಗಿತ್ತು, ಬಿಚ್ಚಿ ಉಂಡೆ ಸುತ್ತಿದ್ದೇನೆ. ಇದರ ಜೊತೆ ಎರಡು ತೆಳ್ಳನೆ ಪಂಜೆ, ಬೆವರುಸಾಲೆಯ ಪೌಡರ್ ಇವೆ. ಮಳೆ ಈ ಸಲ ಖಾನಾಪುರದಲ್ಲಿ ಜೂನ್ ಮೊದಲಿಗೆ, ಮಿರಗಕ್ಕೇ ಹಿಡಿಯಿತು, ಭಟ್ಟಿಯ ಮಣ್ಣೆಲ್ಲ ಕೆಂಪಗೆ ಹರಿದು ಹಳ್ಳ ಸೇರಿತು. ಕೇಳಿದ್ದಿರಲ್ಲ, ಅದಕ್ಕೇ ಬರೆದೆ.

ನಿಮ್ಮ ಮೇಲೆ ಸಿಟ್ಟೂ ಜೀವವೂ ಇಟ್ಟುಕೊಂಡಿರುವ,
ಮುನವ್ವರಾ

ತಾ.ಕ.: ಮಜೀದನ ಪಾಸ್‌ಪೋರ್ಟು ನನ್ನ ಜೋಳದ ಹಿಟ್ಟಿನ ಡಬ್ಬಿಯಲ್ಲಿದೆ. ನಿಮ್ಮ ನಾಲ್ಕು ಸಾಲು ಬರುವತನಕ ಅಲ್ಲೇ ಇರುತ್ತದೆ. ಇಮಾಮಹುಸೇನ ಭಾಯಿ ನಾಳೆ ಕುವೈತಿಗೆ ಹೊರಡುತ್ತಾರೆ, ಈಗ ಹೊರಗೆ ಕೂತಿದ್ದಾರೆ. ನಮ್ಮವರಿಗೆ ಒಂದು ಪತ್ರ, ಒಂದು ಗಂಟು ಇದೆ, ಒಯ್ಯುತ್ತೀರಾ ಎಂದು ಈಗಷ್ಟೇ ಕೇಳಿ ಬಂದೆ. "ಕೊಡ್ರಿ ಭಾಬಿ, ಯೂಸುಫಭಾಯಿ ಕೈಯಾಗನ ಕೊಡತೀನಿ" ಎಂದು ನಿಮ್ಮ ಹೆಸರು ಹಿಡಿದೇ ಹೇಳಿದರು. ಲಂಡನ್ನಿಗೆ ತಾನು ಹೇಗೆ ಮುಟ್ಟಿಸಲಿ ಎಂದು ಕೇಳಲೇ ಇಲ್ಲ.