ಪಾದದ ತನಕ ಹೋಗೋ ದಾರಿ

ಆಳಂದ, ೧೯೯೧

ಅವ್ವಾ,

ಇವತ್ತ ಕಾಲೇಜಿನ್ಯಾಗ ಜೀವಕೋಶದ ಪಾಠ ಮಾಡಿದೆ. ಕೋಶದೊಳಗ ಸಣ್ಣ ಸಣ್ಣ ಕೊಳವಿ ಇರ್ತಾವ, ಅವೇ ದಾರಿ. ಅವುಗಳ ಮ್ಯಾಲ ಪ್ರೋಟೀನುಗಳು ಹಮಾಲರಂಗ ಸಾಮಾನು ಹೊತ್ತು ನಡೀತಾವ, ನರದಾಗ ಬೆನ್ನಿನಿಂದ ಪಾದದ ತನಕ.

"ದಾರಿ ಕೆಟ್ರ ಏನಾಗ್ತದ್ರಿ ಮೇಡಂ?" ಅಂತ ಸರಸಂಬಾ ಊರಿನ ಹುಡುಗಿ ಕೇಳಿದಳು.

"ಮೊದಲ ಪಾದ ಜೋಮು ಹಿಡೀತದ. ಕ್ಯಾನ್ಸರಿನ ಕೆಲವು ಔಷಧ ಗಂಟು ಕರಗಸಾಕ ಹೋಗಿ ಆ ದಾರೀನೂ ಕೆಡಸ್ತಾವ" ಅಂದೆ.

ನಿನಗ ದವಾಖಾನ್ಯಾಗ ಏರಿಸಿದ್ದೂ ಅಂಥದ್ದೇ ಔಷಧ, ನಿತ್ಯಪುಷ್ಪದ ಗಿಡದಿಂದ ತೆಗದದ್ದು. ಅದೇ ಹೂವ ನೀ ದಿನಾ ಲಿಂಗಕ್ಕ ಏರಸ್ತಿದ್ದಿ. ಇದನ್ನ ಮಾತ್ರ ಆ ಹುಡುಗೀಗ ಹೇಳಲಿಲ್ಲ.

ಕಡೀ ದಿನ ದವಾಖಾನ್ಯಾಗ ಕಣ್ಣು ಮುಚ್ಚಿಕೊಂಡೇ ಕರದಿದ್ದಿ: "ಶಿವಕಾಂತಾ, ಎಲ್ಲಿ ಹೋದೀಬೇ? ಒಂದೀಟು ಕಾಲಾದ್ರೂ ಒತ್ತು ಬಾ."

ನಾ ಆಗ ನಿನ್ನ ಕಾಲೇ ಒತ್ತಾಕತ್ತಿದ್ದೆ, ಅವ್ವಾ.