ಮಾವ ಹೇಳುವುದೇ ಸರಿ

ಪ್ರೀತಿಯ ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ನೀವು ಬರೆದ ಹಾಗೆಯೇ ನಿಮ್ಮ ಅಳಿಯನ ಪಕ್ಕ ಕೂತು ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯ ಪುಸ್ತಕ ಓದಿದೆ. ಮುಂದಿನ ತಿಂಗಳ ಒಂಬತ್ತಕ್ಕೆ ಲೋಕದ ಅಂತ್ಯವೆಂದು ಲೆಕ್ಕ ಹಾಕಿ ಅವರು ಡಯಾಲಿಸಿಸ್ ಬಿಟ್ಟು ಇಂದಿಗೆ ಐದು ದಿನ.

ಈ ಮಾತುಗಳನ್ನು ಮೊದಲು ಬರೆದದ್ದು ಯಾರಿಗೆ, ಅವರ ಕಷ್ಟವೇನಿತ್ತು ಎಂದು ಕೇಳಿದೆ. ಅದರಲ್ಲಿ ಬರುವ ಮೃಗವೆಂದರೆ ಆ ಕಾಲದ ಭಕ್ತರನ್ನು ಹಿಂಸಿಸುತ್ತಿದ್ದ ಅರಸೊತ್ತಿಗೆ, ನಮ್ಮ ಪೇಪರಿನ ಸುದ್ದಿಯಲ್ಲ ಎಂದೆ. ಸಂಖ್ಯೆಗಳು ಸಂಕೇತ, ಕ್ಯಾಲೆಂಡರ್ ಅಲ್ಲ ಎಂದು ಅಂಥದೇ ಸಂಕೇತಗಳಿರುವ ದಾನಿಯೇಲನ ಪುಸ್ತಕವನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಆ ದಿನ ಯಾರಿಗೂ ತಿಳಿಯದೆಂಬ ವಚನವನ್ನೂ ಓದಿದೆ. ಅವರು ಒಂದಕ್ಕೂ ಎದುರಾಡಲಿಲ್ಲ.

"ಮಾವ ಹೇಳೋದೇ ಸರಿ ಕಣೆ," ಎಂದರು. "ನನ್ನ ಲೆಕ್ಕ ತಪ್ಪು."

"ಹಾಗಾದ್ರೆ ನಾಳೆ ಆಸ್ಪತ್ರೆಗೆ ಹೋಗೋಣ್ವಾ?"

"ಆರು ವರ್ಷ ಆ ಕುರ್ಚಿ ಮೇಲೆ ಕೂತೆ. ಸಾಕಾಯ್ತು ಅಂದಿದ್ರೆ ನೀನು ಕೇಳ್ತಿದ್ಯಾ? ಅದಕ್ಕೇ ದೇವರ ಹೆಸರು ಹೇಳ್ದೆ."

ಇದಕ್ಕೆ ಏನು ಹೇಳಬೇಕೆಂದು ನೀವು ಕಲಿಸಿಲ್ಲ, ಅಪ್ಪ.

ಡಾಕ್ಟರು ಇನ್ನು ನಾಲ್ಕೈದು ದಿನ ಎನ್ನುತ್ತಾರೆ. ಬೈಬಲ್ ಶಾಲೆಗೆ ರಜೆ ಹಾಕಿ ಬನ್ನಿ. ಗಡ್ಡ ತೆಗೆಯಲು ಹೋದರೆ ನನ್ನ ಕೈ ತಳ್ಳಿ, ಮಾವ ಬರಲಿ ಎನ್ನುತ್ತಾರೆ. ಅವರ ಕಾಲು ಊದಿ ಯಾವ ಚಪ್ಪಲಿಯೂ ಹಿಡಿಯುತ್ತಿಲ್ಲ. ನಿಮ್ಮ ಹಳೆಯ ದೊಡ್ಡ ಜೋಡಿ ತನ್ನಿ. ಹೊಸದು ಬೇಡ, ಬಚ್ಚಲಿನವರೆಗೆ ನಡೆಯುವುದಷ್ಟೇ ಉಳಿದಿದೆ.

ನಿಮ್ಮ ದಾರಿ ಕಾಯುತ್ತಿರುವ,
ಮಗಳು