ನೆಲ ಮುಟ್ಟಬಾರದ ಬದನಿಕೆ

ಘೋಣಸಗಿ
೨೦ ಡಿಸೆಂಬರ್ ೨೦೨೪

ಪ್ರೀತಿಯ ನಿರ್ಮಲಕ್ಕಾ,

ಹೇಗಿದ್ದೀ? ತಲೆನೋವು ಹೋಯಿತೇ? ಮಿರಜಿನಲ್ಲೂ ಇಷ್ಟೇ ಚಳಿಯೇ? ಫೋನ್ ಮಾಡಿದರೆ ಭಾವ ಪಕ್ಕದಲ್ಲೇ ಇರುತ್ತಾನೆ, ಅದಕ್ಕೇ ಈ ಕಾಗದ. ಒಂಬತ್ತನೇ ಕ್ಲಾಸಿಗೆ ಸಾಲೆ ಬಿಟ್ಟವನ ಅಕ್ಷರ ನೋಡಿ ನಗಬೇಡ. ನನ್ನ ಜೊತೆ ಅಲಂಕಾರದ ಕೆಲಸ ಮಾಡುವ ಯುನುಸ ಇವತ್ತು ಗಾಡಿ ತೆಗೆದುಕೊಂಡು ಆ ಕಡೆ ಬರುತ್ತಿದ್ದಾನೆ; ಅವನ ಕೈಯಲ್ಲಿ ಇದನ್ನೂ ಅಜ್ಜಿಯ ಪೊಟ್ಟಣವನ್ನೂ ಕೊಡುತ್ತೇನೆ.

ಪೊಟ್ಟಣದಲ್ಲಿರುವುದು ಬೇವಿನ ಟೊಂಗೆಯ ಮೇಲೆ ಬೆಳೆದ ಬದನಿಕೆ, ಬಂದಳಿಕೆ ಅಂತಾರಲ್ಲ ಅದು. ಅರೆದು ಕುಡಿದರೆ ನಿನಗೆ ಮಕ್ಕಳಾಗುತ್ತವೆಂದು ಅಜ್ಜಿ ಮೊನ್ನೆ ಕೊಯ್ಯಿಸಿದಳು. ಹಿಂದಿನ ಸಂಜೆಯೇ ಮರಕ್ಕೆ ಅರಿಷಿಣ ಕುಂಕುಮ ಹಚ್ಚಿ, ನಾಳೆ ಕೊಯ್ಯುತ್ತೇವೆಂದು ಹೇಳಿಬಂದಿದ್ದಳು. ಬೆಳಿಗ್ಗೆ ನಾನು ಮೇಲೆ, ಅವಳು ಕೆಳಗೆ ಸೆರಗೊಡ್ಡಿ ನಿಂತು, "ನೆಲಕ್ಕ ಬಿತ್ತಂದ್ರ ಅದರ ಗುಣ ಹೋತು ಮಾಳ್ಯಾ! ಮಂಗ್ಯಾನಂಗ ಕುಣೀಬ್ಯಾಡ" ಎಂದು ಒದರುತ್ತಿದ್ದಳು.

ಮರುದಿನ ಯುನುಸನ ಜೊತೆ ವಿಜಯಪುರದ ಒಂದು ಸಾಲೆಗೆ ಕ್ರಿಸ್‌ಮಸ್ ಅಲಂಕಾರಕ್ಕೆ ಹೋದೆ. ಬಾಗಿಲಿಗೆ ಕಟ್ಟಲು ಕೊಟ್ಟ ಪ್ಲಾಸ್ಟಿಕ್ ಎಲೆಗಳ ಗೊಂಚಲು ನೋಡಿ, "ಟೀಚರ್, ಇದು ಬದನಿಕಿ ಅಲ್ಲೇನ್ರಿ?" ಎಂದೆ. ಸಂಘಮಿತ್ರಾ ಟೀಚರ್ ಬೆರಗಾದರು. ಹೌದಂತೆ, ಹೆಚ್ಚುಕಡಿಮೆ ಅದೇ ಬಳಗ; ಹೆಸರು ಮಿಸಲ್‌ಟೋ. ಕ್ರೈಸ್ತ ಧರ್ಮ ಅದು ಬೆಳೆಯುವ ಆ ದೂರದ ನಾಡಿಗೆ ಬರುವ ಮೊದಲೇ ಅಲ್ಲಿಯ ಪೂಜಾರಿಗಳು ಓಕ್ ಮರ ಹತ್ತಿ, ಬಂಗಾರದ ಕುಡಗೋಲಿನಿಂದ ಅದನ್ನು ಕೊಯ್ದು, ಕೆಳಗೆ ಬಿಳಿ ಬಟ್ಟೆಯಲ್ಲಿ ಹಿಡಿಯುತ್ತಿದ್ದರಂತೆ. ಗಬ್ಬ ನಿಲ್ಲದ ದನಗಳಿಗೆ ಕುಡಿಸುತ್ತಿದ್ದರಂತೆ. ನನಗೆ ಮೈ ಜುಮ್ಮೆಂದಿತು. ವಿಜಯಪುರ ದಾಟದ ನಮ್ಮ ಅಜ್ಜಿಗೆ ಈ ನೇಮ ಯಾರು ಹೇಳಿದರು?

ಚಳಿಗೆ ಮರದ ಎಲೆಯೆಲ್ಲ ಉದುರಿದಾಗ ಇದೊಂದೇ ಹಸಿರಾಗಿರುತ್ತದೆ, ಜೀವ ಇದರಲ್ಲೇ ಇದೆ ಎಂದು ಅವರು ನಂಬಿದರು ಎಂದರು ಟೀಚರ್. ತಡೆಯಲಾಗದೆ ಮತ್ತೆ ಬೇವು ಹತ್ತಿ ನೋಡಿದೆ. ಅದು ಟೊಂಗೆಯೊಳಗೆ ಬೇರಿಳಿಸಿ ಮರದ ನೀರನ್ನೇ ಕುಡಿಯುತ್ತದೆ, ಅಕ್ಕಾ! ಹಸಿರಾಗಿರದೆ ಇನ್ನೇನು? ಆ ಜೀವ ಮರದ್ದು, ಅದರದಲ್ಲ. ಆದ್ದರಿಂದ ಅರೆದು ಕುಡಿಯಬೇಡ, ಟೀಚರ ಸಾಲೆಯಲ್ಲಿ ಕಟ್ಟಿದಂತೆ ಬಾಗಿಲಿಗೆ ಕಟ್ಟು. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡ.

ನಿನ್ನ ಅತ್ತೆಯವರಿಗೆ ನನ್ನ ಶರಣು. ಅಜ್ಜಿಯ ಆಶೀರ್ವಾದ ನಿನ್ನ ತಲೆಯ ಮೇಲಿದೆ.

ನಿನ್ನ ತಮ್ಮ,
ಮಾಳು

ತಾ.ಕ.: ಯುನುಸ ಹಾರ್ನ್ ಹೊಡೆಯುತ್ತಿದ್ದಾನೆ. ಡಾಕ್ಟರು ನಿಮ್ಮಿಬ್ಬರನ್ನೂ ತಪಾಸಣೆಗೆ ಕರೆದರೂ ಭಾವ ಬರಲೊಲ್ಲ ಎಂದು ನನಗಷ್ಟೇ ಹೇಳಿದ್ದೆಯಲ್ಲ, ಅದನ್ನು ಅಜ್ಜಿಗೆ ಹೇಳಿಬಿಟ್ಟೆ. ಮೊದಲು ನನ್ನನ್ನೇ ಬೈದಳು. ಆಮೇಲೆ, "ನನಗೂ ಒಬ್ಬಾಕಿಗೇ ಬದನಿಕಿ ಅರದು ಕುಡಿಸಿದ್ರಪಾ" ಎಂದಳು. ಭಾನುವಾರ ಭಾವನಿಗೆ ತಾನೇ ಫೋನ್ ಹಚ್ಚುತ್ತಾಳಂತೆ. ಅಷ್ಟರೊಳಗೆ, ಅಜ್ಜಿಗೆ ಗೊತ್ತಾಗಿದೆ ಎಂದು ನೀನೇ ಅವನಿಗೆ ಹೇಳು.